ಪಟ್ಟಿಯಲ್ಲಿ ಗುಕೇಶ್ ಯಾಕಿಲ್ಲ?

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಸಂಜೆ, ಚೆಸ್ ಕಲಿಯುವ ಮಕ್ಕಳು ಮತ್ತು ಅವರ ಅಪ್ಪ-ಅಮ್ಮಂದಿರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಭಾರತದ ರಾಷ್ಟ್ರೀಯ ಚೆಸ್ ಚಾಂಪಿಯನ್ನರ ಪಟ್ಟಿಯಲ್ಲಿ ಗುಕೇಶ್ ಹೆಸರು ಎಷ್ಟು ಸಲ ಇದೆ? ಮುಂದಿನ ಸಾಲಿನ ಹುಡುಗ ‘ಎರಡು’ ಅಂದ. ಕಂಬದ ಹತ್ತಿರ ಯಾರೋ ‘ನಾಲ್ಕು’ ಅಂದರು. ಹರಾಜು ಕೂಗುವುದು ಬೇಡ, ಉತ್ತರ ಸೊನ್ನೆ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ, ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಹುಡುಗನ ಹೆಸರು ಸ್ವಂತ ದೇಶದ ಚಾಂಪಿಯನ್ನರ ಸಾಲಿನಲ್ಲಿಲ್ಲ. ಆನಂದ್ ಹೆಸರು ಮೂರು ಸಲ ಇದೆ. ಮ್ಯಾನ್ಯುಯಲ್ ಆರನ್ ಅವರ ಹೆಸರು ಒಂಬತ್ತು ಸಲ. ಹಾಗಂತ ಆರನ್ ಅವರು ಆನಂದ್‌ಗಿಂತ ಮೂರು ಪಟ್ಟು ದೊಡ್ಡ ಆಟಗಾರರು ಅಂತ ಯಾರೂ ಹೇಳುವುದಿಲ್ಲ.

ಅಂದರೆ ಈ ಪಟ್ಟಿಯನ್ನು ಹಾಗೆ ಓದಬಾರದು. 1955ರಿಂದ ಈಚೆಗೆ ಹೆಸರುಗಳು ಒಂದರ ಕೆಳಗೊಂದು ನಿಂತಿವೆ. ನೋಡಿದರೆ ಒಂದೇ ಪಂದ್ಯಾವಳಿ ಎಪ್ಪತ್ತು ವರ್ಷ ನಡೆದುಕೊಂಡು ಬಂದಿದೆ ಅನ್ನಿಸುತ್ತದೆ. ನಿಜವಾಗಿ ಬೋರ್ಡಿನ ಮೇಲಿನ ಹೆಸರು ಒಂದೇ, ಒಳಗಿನ ಅಂಗಡಿ ನಾಲ್ಕೈದು ಸಲ ಬದಲಾಗಿದೆ. ಯಾರು ಆಡಬಹುದು, ಎಷ್ಟು ದಿನ, ಎಷ್ಟು ಆಟ ಅನ್ನುವುದು ಬದಲಾದಾಗಲೆಲ್ಲ ಗೆಲ್ಲುವವರೂ ಬೇರೆ ತರಹದವರಾದರು. ಅದನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ನಿಯಮದಿಂದಲೇ ಶುರು ಮಾಡಬೇಕು. ನನ್ನ ತಾತ ಚನ್ನರಾಯಪಟ್ಟಣದಲ್ಲಿ ಮನೆ ಜಗಲಿಯ ಮೇಲೆ ಚದುರಂಗ ಆಡುತ್ತಿದ್ದರು. ಬಟ್ಟೆಯ ಹಾಸು, ಮರದ ಕಾಯಿ. ಒಂದು ಕಪ್ಪು ಕುದುರೆ ಎಲ್ಲೋ ಕಳೆದುಹೋಗಿ, ಅದರ ಮನೆಯಲ್ಲಿ ಅಮೃತಾಂಜನದ ಖಾಲಿ ಶೀಶೆ ನಿಂತಿರುತ್ತಿತ್ತು. ನಾನು ಕಲಿತ ಮೊದಲ ಆಟ ಅದು. ಅದರಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಅನ್ನುವುದೇ ಇಲ್ಲ. ಅದರ ಬದಲು, ರಾಜನಿಗೆ ಇನ್ನೂ ಒಂದು ಚೆಕ್ಕೂ ಬಿದ್ದಿಲ್ಲವಾದರೆ, ಇಡೀ ಆಟದಲ್ಲಿ ಒಂದೇ ಒಂದು ಸಲ ಅವನು ಕುದುರೆಯ ಹಾಗೆ ನೆಗೆಯಬಹುದು. ಸಿಪಾಯಿ ಆಚೆ ತುದಿ ಮುಟ್ಟಿದರೆ ಬೇಕಾದ ಕಾಯಿ ಸಿಗುವುದಿಲ್ಲ; ಮೂಲೆ ಮುಟ್ಟಿದರೆ ಆನೆ, ಅದರ ಪಕ್ಕ ಮುಟ್ಟಿದರೆ ಕುದುರೆ, ಹೀಗೆ. ಇದರಲ್ಲೂ ಊರಿಂದೂರಿಗೆ ವ್ಯತ್ಯಾಸ. ಹಾಸನದ ನೆಂಟರು ಬಂದರೆ ಮೊದಲು ಕಾಫಿ, ಆಮೇಲೆ ನಿಯಮದ ಜಗಳ, ಆಮೇಲೆ ಆಟ.

ಬೆಂಗಳೂರಿಗೆ ಬಂದು ಹೈಸ್ಕೂಲು ಸೇರಿದ ಮೇಲೆ ಶಾಲೆಗಳ ನಡುವಿನ ಒಂದು ಟೂರ್ನಿಗೆ ನನ್ನನ್ನು ಕಳಿಸಿದರು. ಮೊದಲ ಆಟದಲ್ಲಿ ನನ್ನ ರಾಜ ಸ್ವಲ್ಪ ಇಕ್ಕಟ್ಟಿಗೆ ಸಿಕ್ಕಿತು. ನಾನು ಯಾವ ಅಂಜಿಕೆಯೂ ಇಲ್ಲದೆ ಅದನ್ನು ಎತ್ತಿ ಕುದುರೆ ನೆಗೆಸಿಬಿಟ್ಟೆ. ಎದುರಿಗಿದ್ದ ಕನ್ನಡಕದ ಹುಡುಗ ನನ್ನ ಮುಖ ನೋಡಿದ, ರಾಜನನ್ನು ನೋಡಿದ, ಕೈ ಎತ್ತಿದ. ಆರ್ಬಿಟರ್ ಬಂದರು. ‘ಏನಪ್ಪಾ ಇದು?’ ಅಂದರು. ‘ರಾಜ ನೆಗೆದ ಸರ್, ಒಂದು ಸಲ ನೆಗೀಬಹುದಲ್ವಾ’ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ‘ನಿಮ್ಮೂರಲ್ಲಿ ನೆಗೀತಾನೆ ಕಣೋ, ಇಲ್ಲಿ ನೆಗೆಯೋ ಹಾಗಿಲ್ಲ’ ಅಂತ ಹೇಳಿ, ಮುಟ್ಟಿದ ಕಾಯನ್ನೇ ನಡೆಸಬೇಕು ಅನ್ನುವ ಇನ್ನೊಂದು ನಿಯಮವನ್ನೂ ಅಲ್ಲೇ ಕಲಿಸಿದರು. ರಾಜನನ್ನೇ ನಡೆಸಿದೆ, ಎರಡೇ ನಡೆಯಲ್ಲಿ ಮುಗಿಯಿತು.

ಈ ಕತೆ ಯಾಕೆ ಹೇಳಿದೆ ಅಂದರೆ, ಚಿಕ್ಕದಾಗಿ ನನಗಾದದ್ದು ದೊಡ್ಡದಾಗಿ ದೇಶಕ್ಕೇ ಆಗಿತ್ತು. ನಮ್ಮ ನೆಲದಲ್ಲಿ ಚದುರಂಗಕ್ಕೇನೂ ಕೊರತೆ ಇರಲಿಲ್ಲ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು, 1868ರಲ್ಲಿ ತೀರಿಕೊಂಡವರು, ಕುದುರೆಯನ್ನು ಅರವತ್ತನಾಲ್ಕು ಮನೆಗೂ ತಲಾ ಒಂದೇ ಸಲ ಕಾಲಿಡಿಸುವ ಬಂಧಗಳನ್ನು ರಚಿಸುತ್ತಾ ಕೂರುತ್ತಿದ್ದರು. ಮಕ್ಕಳೇ, ಮನೆಗೆ ಹೋಗಿ ಒಂದು ಸಲ ಮಾಡಿ ನೋಡಿ, ಐವತ್ತೈದನೇ ಮನೆಯ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೀರಿ. ಪಂಜಾಬಿನ ಸುಲ್ತಾನ್ ಖಾನ್ ದೇಸಿ ಆಟದಲ್ಲಿ ಬೆಳೆದವರು. 1928ರಲ್ಲಿ ಅಖಿಲ ಭಾರತ ಪಂದ್ಯಾವಳಿ ಗೆದ್ದರು, ಮರುವರ್ಷ ತಮ್ಮ ಧಣಿ ಉಮರ್ ಹಯಾತ್ ಖಾನ್ ಜೊತೆ ಲಂಡನ್ನಿಗೆ ಹೋಗಿ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ. ಓಪನಿಂಗಿನ, ಅಂದರೆ ಆಟದ ಮೊದಲ ನಡೆಗಳ, ಪುಸ್ತಕಗಳ ಗಂಧವೇ ಇಲ್ಲದೆ ಇಷ್ಟು. ಆಮೇಲೆ ಧಣಿ ವಾಪಸ್ ಹೊರಟರು, ಇವರೂ ಹೊರಟರು, ಊರಲ್ಲಿ ಬೇಸಾಯ ಮಾಡಿಕೊಂಡಿದ್ದರು. 2024ರಲ್ಲಿ, ಅವರು ಸತ್ತು ಎಷ್ಟೋ ವರ್ಷಗಳಾದ ಮೇಲೆ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಚೆಸ್ ಆಟಗಾರರಿಗೆ ಸಿಗುವ ಅತಿ ದೊಡ್ಡ ಪದವಿ ಗ್ರ್ಯಾಂಡ್‌ಮಾಸ್ಟರ್. ಅವರ ಹೆಸರು ನಮ್ಮ ಪಟ್ಟಿಯಲ್ಲಿ ಬರುವುದಿಲ್ಲ. ಪಟ್ಟಿ ಶುರುವಾಗುವ ಹೊತ್ತಿಗೆ ಅವರ ಊರು ಪಾಕಿಸ್ತಾನದಲ್ಲಿತ್ತು.

ಅಖಿಲ ಭಾರತ ಚೆಸ್ ಫೆಡರೇಷನ್ 1951ರಲ್ಲಿ ಮದ್ರಾಸಿನಲ್ಲಿ ಹುಟ್ಟಿತು. ಮೊದಲ ರಾಷ್ಟ್ರೀಯ ಪಂದ್ಯಾವಳಿ 1955ರಲ್ಲಿ. ಎಲ್ಲಿ? ದೆಹಲಿ ಅಲ್ಲ, ಬೊಂಬಾಯಿ ಅಲ್ಲ, ಆಂಧ್ರದ ಏಲೂರಿನಲ್ಲಿ. ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಇಬ್ಬರೂ ಸಮ ಬಂದು ಪ್ರಶಸ್ತಿ ಹಂಚಿಕೊಂಡರು. ಆಮೇಲೆ ಕೆಲವು ವರ್ಷ ಎರಡು ವರ್ಷಕ್ಕೊಮ್ಮೆ ನಡೆಯಿತು. ಎರಡು ವರ್ಷಕ್ಕೊಮ್ಮೆ ಅಂದರೆ ಏನು ಯೋಚಿಸಿ. ಈ ಸಲ ಜ್ವರ ಬಂತು, ಅಥವಾ ಆಫೀಸಿನಲ್ಲಿ ರಜೆ ಕೊಡಲಿಲ್ಲ ಅಂದರೆ ನಿಮ್ಮ ಆಟದ ಆಯುಸ್ಸಿನಲ್ಲಿ ನಾಲ್ಕು ವರ್ಷ ಹೋಯಿತು.

ಆ ಕಾಲದ ಆಟಗಾರರು ಸಂಬಳಕ್ಕೆ ದುಡಿಯುವವರು ಇಲ್ಲವೇ ಮನೆಯಲ್ಲಿ ಆಸ್ತಿ ಇದ್ದವರು. ಪುಸ್ತಕ ಸಿಗುತ್ತಿರಲಿಲ್ಲ. ದೇಸಿ ಆಟದಲ್ಲಿ ಪಳಗಿದವರು ಮೊದಲ ಹತ್ತು-ಹದಿನೈದು ನಡೆ ತಮ್ಮ ಪಾಡಿಗೆ ಕೋಟೆ ಕಟ್ಟಿಕೊಂಡು ಕೂರುವವರು, ಯಾಕೆಂದರೆ ಒಂದೊಂದೇ ಮನೆ ನಡೆಯುವ ಸಿಪಾಯಿಗಳು ಬಂದು ತಾಗುವುದಕ್ಕೆ ಅಷ್ಟು ಹೊತ್ತು ಬೇಕು. ಅಂತರರಾಷ್ಟ್ರೀಯ ಆಟದಲ್ಲಿ ನಾಲ್ಕನೇ ನಡೆಗೆ ಕಾಯಿಗೆ ಕಾಯಿ ತಾಗಿರುತ್ತದೆ. ಇಂಥ ಜಾಗದಲ್ಲಿ ಪುಸ್ತಕ ಓದಿದವನೊಬ್ಬ ಬಂದು ಕೂತರೆ?

ಅವರೇ ಮ್ಯಾನ್ಯುಯಲ್ ಆರನ್. ಹುಟ್ಟಿದ್ದು 1935ರಲ್ಲಿ ಬರ್ಮಾದ ಟೌಂಗೂನಲ್ಲಿ, ಬೆಳೆದದ್ದು ತಮಿಳುನಾಡಿನಲ್ಲಿ, ಬಿ.ಎಸ್ಸಿ. ಮಾಡಿದ್ದು ಅಲಹಾಬಾದಿನಲ್ಲಿ. 1959ರಲ್ಲಿ ಮೊದಲ ಸಲ ಗೆದ್ದರು, 1981ರಲ್ಲಿ ಒಂಬತ್ತನೇ ಸಲ. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು, ಅದು ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ. ಎರಡನೆಯವರಾಗಿ ವಿ. ರವಿಕುಮಾರ್ ಬಂದದ್ದು 1978ರಲ್ಲಿ. ಹದಿನೇಳು ವರ್ಷ, ಇಡೀ ದೇಶಕ್ಕೆ ಒಬ್ಬರೇ! ಇವತ್ತು ಈ ಬೀದಿಯಲ್ಲೇ ಇಬ್ಬರು ಸಿಕ್ಕಾರು.

ವಿಶ್ವ ಚಾಂಪಿಯನ್ ಪಟ್ಟದ ಅರ್ಹತಾ ಪಂದ್ಯಾವಳಿಯಾದ 1962ರ ಸ್ಟಾಕ್‌ಹೋಮ್ ಇಂಟರ್‌ಝೋನಲ್‌ಗೆ ಅವರು ಹೋದದ್ದನ್ನು ನಾನು ತುಂಬ ಸಲ ಹೇಳುತ್ತೇನೆ, ಇವತ್ತೂ ಹೇಳುತ್ತೇನೆ. ಇಪ್ಪತ್ತಮೂರು ಜನ, ಇಪ್ಪತ್ತೆರಡು ಆಟ. ಗೆದ್ದದ್ದು ಬಾಬಿ ಫಿಷರ್. ಕೊನೆಯ ಸ್ಥಾನ ಆರನ್ ಅವರದು, ನಾಲ್ಕು ಪಾಯಿಂಟ್. ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯ. ಅಲ್ಲಿ ಅವರು ಹಂಗೇರಿಯ ಲಾಯೋಶ್ ಪೋರ್ಟಿಶ್ ಮತ್ತು ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ಉಲ್‌ಮನ್ ಇಬ್ಬರನ್ನೂ ಸೋಲಿಸಿದರು. ಇಬ್ಬರೂ ಮುಂದೆ ವಿಶ್ವ ಚಾಂಪಿಯನ್ ಪಟ್ಟದ ಅಭ್ಯರ್ಥಿಗಳ ಮಟ್ಟಕ್ಕೆ ಏರಿದವರು. ಒಂದು ದಿನ ಯಾರನ್ನಾದರೂ ಹೊಡೆಯುವ ಕಸುವಿತ್ತು. ಇಪ್ಪತ್ತೆರಡು ದಿನ ತಾಳುವ ಅಭ್ಯಾಸ ಬರುವುದು ಎಲ್ಲಿಂದ? ಇಲ್ಲಿ, ನಮ್ಮ ದೇಶದಲ್ಲಿ, ಅವರಿಗೆ ಸರಿಸಾಟಿ ಯಾರೂ ಇರಲಿಲ್ಲ. ಒಂಬತ್ತು ಪ್ರಶಸ್ತಿ ಅನ್ನುವುದು ಹೆಮ್ಮೆಯ ಲೆಕ್ಕ ಹೌದು, ಒಂಟಿತನದ ಲೆಕ್ಕವೂ ಹೌದು.

ಈಗ ಬೆಂಗಳೂರಿಗೆ ಬರೋಣ, ಇದು ನಮ್ಮೂರಿನ ಪಾಲು. ಮಹಿಳೆಯರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲೇ, 1974ರಲ್ಲಿ. ಇಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಮೂರು ಕೈ. ಇರಲಿ, ನನಗೂ ಬಹಳ ತಡವಾಗಿ ಗೊತ್ತಾಯಿತು. ಗೆದ್ದವರು ಬೊಂಬಾಯಿಯ ವಾಸಂತಿ ಖಾಡಿಲ್ಕರ್, ಇನ್ನೂ ಹದಿಮೂರರ ಆಸುಪಾಸಿನ ಹುಡುಗಿ. ಅವರ ತಂಗಿ ಜಯಶ್ರೀ, ಅವರ ತಂಗಿ ರೋಹಿಣಿ. ಮೊದಲ ಹತ್ತು ವರ್ಷ ಈ ಪ್ರಶಸ್ತಿ ಆ ಒಂದು ಮನೆಯ ಹೊಸ್ತಿಲು ದಾಟಲಿಲ್ಲ. ತಂದೆ ನೀಲಕಂಠ ಖಾಡಿಲ್ಕರ್ ‘ನವಾಕಾಳ’ ಅನ್ನುವ ಮರಾಠಿ ಪತ್ರಿಕೆಯ ಸಂಪಾದಕರು.

ರೋಹಿಣಿಯವರ ಸಂಗತಿ ಸ್ವಲ್ಪ ನಿಧಾನವಾಗಿ ಕೇಳಿ. 1976ರಲ್ಲಿ ಅವರು ಪುರುಷರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಲು ಕೂತರು. ಆಗ ಅವರಿಗೆ ಹದಿಮೂರು. ಮೂರು ರಾಜ್ಯಗಳ ಚಾಂಪಿಯನ್ನರನ್ನು ಸೋಲಿಸಿಯೂಬಿಟ್ಟರು. ಗಲಾಟೆಯಾಯಿತು. ಸೋತವರಿಗೆ ತಲೆನೋವು, ಸೋಲದವರಿಗೆ ನಾಳೆ ನನ್ನ ಸರದಿ ಬಂದರೆ ಅನ್ನುವ ಹೆದರಿಕೆ ಅಂತ ನಾನು ಊಹಿಸುತ್ತೇನೆ. ವಿಷಯ ಹೈಕೋರ್ಟಿನವರೆಗೆ ಹೋಯಿತು. ಆಗ ಫಿಡೆ ಅಧ್ಯಕ್ಷರಾಗಿದ್ದವರು ಮ್ಯಾಕ್ಸ್ ಯೂವೆ, ಹಿಂದಿನ ವಿಶ್ವ ಚಾಂಪಿಯನ್. ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಂದ ಹೆಣ್ಣುಮಕ್ಕಳನ್ನು ಹೊರಗಿಡುವ ಹಾಗಿಲ್ಲ ಅಂತ ಅವರು ತೀರ್ಮಾನ ಕೊಟ್ಟರು. ಬೊಂಬಾಯಿಯ ಒಬ್ಬ ಶಾಲಾ ಹುಡುಗಿ ಸಿಪಾಯಿ ಮುಂದೆ ನೂಕಿದ್ದಕ್ಕೆ ಜಗತ್ತಿನ ನಿಯಮವೇ ಸ್ಪಷ್ಟವಾಯಿತು. ‘ಪುರುಷರ’ ಅನ್ನುವ ಪದ ಹೋಗಿ ‘ಮುಕ್ತ’ ಅನ್ನುವುದು ಬಂದದ್ದರ ಹಿಂದೆ ಇಂಥ ಜಗಳಗಳಿವೆ. ಇವತ್ತು ನಿಮ್ಮ ಮಗಳನ್ನು ಮುಕ್ತ ವಿಭಾಗಕ್ಕೆ ಸೇರಿಸುವಾಗ ಫಾರ್ಮ್ ತುಂಬುವುದು ಎರಡು ನಿಮಿಷದ ಕೆಲಸ.

ಎಪ್ಪತ್ತರ ದಶಕದ ಇನ್ನೊಂದು ಬದಲಾವಣೆ, ರಾಷ್ಟ್ರೀಯ ಪಂದ್ಯಾವಳಿ ‘ಎ’ ಮತ್ತು ‘ಬಿ’ ಅಂತ ಎರಡು ಹಂತವಾದದ್ದು. ನನ್ನ ವಯಸ್ಸಿನವರಿಗೆ ನ್ಯಾಷನಲ್ ಬಿ ಅಂದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ರಾಜ್ಯದಲ್ಲಿ ಗೆದ್ದವರೆಲ್ಲ ಬಿ ಆಡಬೇಕು. ನೂರಾರು ಜನ, ಸ್ವಿಸ್ ಪದ್ಧತಿ: ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಅದರಲ್ಲಿ ಮೇಲೆ ಬಂದ ಕೆಲವರಿಗೆ ಮಾತ್ರ ‘ಎ’ಗೆ ಪ್ರವೇಶ. ಎ ಅಂದರೆ ರೌಂಡ್ ರಾಬಿನ್, ಕೂತವರು ಎಲ್ಲರೊಂದಿಗೂ ಆಡಲೇಬೇಕು. ಮೂರು ವಾರದ ಕತೆ. ಭೋಪಾಲದ ರಫೀಕ್ ಖಾನ್, ವೃತ್ತಿಯಲ್ಲಿ ಬಡಗಿ, 1976ರ ನ್ಯಾಷನಲ್ ಬಿಯಲ್ಲಿ ಹದಿನೈದಕ್ಕೆ ಹದಿಮೂರು ಪಾಯಿಂಟ್ ತೆಗೆದು ಗೆದ್ದರು. ದೇಶ ದೇಶಗಳ ತಂಡಗಳು ಆಡುವ ಒಲಿಂಪಿಯಾಡ್‌ನಲ್ಲಿ, 1980ರಲ್ಲಿ ಮಾಲ್ಟಾದಲ್ಲಿ, ತಮ್ಮ ಬೋರ್ಡಿಗೆ ಬೆಳ್ಳಿ ಪದಕ ತಂದರು. ಬಿ ಅನ್ನುವ ಆ ಕಿರಿದಾದ ಬಾಗಿಲಿನಿಂದ ಹಾಗೂ ಒಬ್ಬೊಬ್ಬರು ನುಗ್ಗುತ್ತಿದ್ದರು.

ಆಗಿನ ಆಟ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಈಗಿನ ಮಕ್ಕಳಿಗೆ ಇದು ನಂಬಲು ಕಷ್ಟ. ಐದು ಗಂಟೆ ಆಡಿದ ಮೇಲೆ ಮುಗಿಯದಿದ್ದರೆ ಆರ್ಬಿಟರ್ ಒಂದು ಕವರ್ ತಂದು ಕೊಡುತ್ತಿದ್ದರು. ಮುಂದಿನ ನಡೆ ಯಾರದೋ ಅವರು ಅದನ್ನು ಬೋರ್ಡಿನ ಮೇಲೆ ಆಡುವುದಿಲ್ಲ. ಸ್ಕೋರ್ ಶೀಟಿನಲ್ಲಿ ಬರೆದು, ಅಂಗೈ ಅಡ್ಡ ಹಿಡಿದು, ಮಡಚಿ ಕವರಿನೊಳಗೆ ಹಾಕಬೇಕು. ಕವರಿನ ಮೇಲೆ ಕಾಯಿಗಳು ನಿಂತ ಸ್ಥಿತಿ, ಇಬ್ಬರ ಗಡಿಯಾರದಲ್ಲಿ ಉಳಿದ ಸಮಯ. ಅಂಟಿಸಿದ ಜಾಗದ ಮೇಲೆ ಸಹಿ. ಮಾರನೆಯ ದಿನ ಒಡೆದು ಆಟ ಮುಂದುವರಿಸುವುದು. ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಎದುರಾಳಿ ಏನು ಬರೆದಿರಬಹುದು ಅಂತ ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಬೆಳಗಿನ ಜಾವದವರೆಗೆ ಲೆಕ್ಕ. ನಾನೂ ಒಂದು ಸಲ ರಾಜ್ಯ ಮಟ್ಟದಲ್ಲಿ ಕವರ್ ಹಾಕಿದ್ದೇನೆ. ರಾತ್ರಿಯೆಲ್ಲ ಎಷ್ಟೋ ನಡೆ ವಿಶ್ಲೇಷಣೆ ಮಾಡಿ, ಬೆಳಿಗ್ಗೆ ಕವರ್ ಒಡೆದರೆ, ನಾನೇ ಬರೆದ ನಡೆ ನಾನು ನೆನಪಿಟ್ಟುಕೊಂಡ ನಡೆಯಾಗಿರಲಿಲ್ಲ. ಕಂಪ್ಯೂಟರ್ ಬಂತು, ಕವರ್ ಹೋಯಿತು. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಈಗ ರಾತ್ರಿ ಫೋನು ಆಡುತ್ತಿತ್ತು, ಬೆಳಿಗ್ಗೆ ನಾವು ಕಾಯಿ ಸರಿಸುತ್ತಿದ್ದೆವು.

ಈ ಲೋಕಕ್ಕೆ ಬಂದವರು ವಿಶ್ವನಾಥನ್ ಆನಂದ್. ಮದ್ರಾಸಿನಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುತ್ತಿದ್ದ ತಾಲ್ ಚೆಸ್ ಕ್ಲಬ್ಬಿನಲ್ಲಿ ಕಲಿತ ಹುಡುಗ. ಆ ಕ್ಲಬ್ ಶುರು ಮಾಡಿದವರೂ ಆರನ್ ಅವರೇ. ಮದ್ರಾಸ್ ಯಾಕೆ ಅಷ್ಟು ಮುಂದೆ ಹೋಯಿತು ಅಂತ ಬೆಂಗಳೂರಿನವರು ಕೇಳುತ್ತಾರೆ. ಉತ್ತರದ ಅರ್ಧ ಭಾಗ ಅಲ್ಲಿದೆ: ಒಂದು ಕೋಣೆ, ರಷ್ಯನ್ ಪುಸ್ತಕಗಳು, ಸಂಜೆ ಹೊತ್ತು ಆಡಲು ಬರುವ ಹಿರಿಯರು. ಆನಂದ್ 1983ರಲ್ಲಿ ಸಬ್ ಜೂನಿಯರ್ ಪಂದ್ಯಾವಳಿಯನ್ನು ಒಂಬತ್ತಕ್ಕೆ ಒಂಬತ್ತು ಗೆದ್ದರು. 1986ರಲ್ಲಿ, ಹದಿನಾರು ವರ್ಷಕ್ಕೆ, ರಾಷ್ಟ್ರೀಯ ಚಾಂಪಿಯನ್. 1987, 1988ರಲ್ಲೂ. ಉಳಿದವರು ಎರಡೂವರೆ ಗಂಟೆ ತಲೆ ಹಿಡಿದು ಕೂರುವ ಕಡೆ ಈ ಹುಡುಗ ನಿಮಿಷಗಳಲ್ಲಿ ಆಡಿ ಎದ್ದು ಓಡಾಡುತ್ತಿದ್ದ. 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್.

ಆಮೇಲೆ ಈ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹತ್ತೊಂಬತ್ತು ದಾಟುವ ಮುಂಚೆಯೇ ಅವರಿಗೆ ರಾಷ್ಟ್ರೀಯ ಪಂದ್ಯಾವಳಿ ಚಿಕ್ಕದಾಗಿತ್ತು, ಯುರೋಪ್ ಕರೆಯುತ್ತಿತ್ತು. ಗುಕೇಶ್ ಯಾಕಿಲ್ಲ ಅಂತ ಕೇಳಿದೆನಲ್ಲ, ಆ ಪ್ರಶ್ನೆಯ ಬೇರು ಇಲ್ಲಿದೆ. ಮೇಲಿನವರು ಬಿಟ್ಟು ಹೋಗುವುದು ಇವತ್ತಿನ ಚಾಳಿಯಲ್ಲ.

ಆನಂದ್ ಹೋದ ಮೇಲೆ ಖಾಲಿಯಾದ ಜಾಗದಲ್ಲಿ ಮುಂಬೈಯ ಪ್ರವೀಣ್ ಠಿಪ್ಸೆ 1992, 93, 94 ಸತತ ಮೂರು ಸಲ ಗೆದ್ದು, ಒಟ್ಟು ಏಳಕ್ಕೆ ಮುಟ್ಟಿಸಿದರು. ದೇಶದ ಎರಡನೇ ಗ್ರ್ಯಾಂಡ್‌ಮಾಸ್ಟರ್ ಕೋಲ್ಕತ್ತಾದ ದಿಬ್ಯೇಂದು ಬರುವಾ 1991ರಲ್ಲಿ; ಮೂರನೆಯವರು ಇದೇ ಠಿಪ್ಸೆ, 1997ರಲ್ಲಿ. ಒಂಬತ್ತು ವರ್ಷದಲ್ಲಿ ಮೂರು. ಈಗ ಎಂಬತ್ತು ದಾಟಿದೆ. ನಮ್ಮ ರಾಜ್ಯದ ಮೊದಲನೆಯವರು ಮೈಸೂರಿನ ತೇಜ್‌ಕುಮಾರ್, 2017ರಲ್ಲಿ. ಅವರು ರೈಲ್ವೆ ನೌಕರರು. ರೈಲ್ವೆ ಅಂದೆ ನೋಡಿ, ಈ ಪಂದ್ಯಾವಳಿಯ ಬೆನ್ನೆಲುಬೇ ಅದು. ಫಲಿತಾಂಶದ ಹಾಳೆಯಲ್ಲಿ ಹೆಸರಿನ ಮುಂದೆ ರಾಜ್ಯದ ಬದಲು ರೈಲ್ವೆ ಅಂತಲೋ ಪೆಟ್ರೋಲಿಯಂ ಕಂಪನಿಗಳ ಕ್ರೀಡಾ ಮಂಡಳಿ ಅಂತಲೋ ಇರುತ್ತಿತ್ತು. ಮೂರು ವಾರ ರಜೆ ಕೊಟ್ಟು, ಮೇಲೆ ಸಂಬಳವನ್ನೂ ಕೊಡುವವರು ಇಲ್ಲದಿದ್ದರೆ ನ್ಯಾಷನಲ್ ಎ ಆಡಲು ಯಾರಿಗೆ ಆಗುತ್ತಿತ್ತು?

ಆ ದೀರ್ಘ ಪದ್ಧತಿಯ ಕೊನೆಯ ದೊಡ್ಡ ಹೆಸರು ಕೋಲ್ಕತ್ತಾದ ಸೂರ್ಯಶೇಖರ ಗಂಗೂಲಿ. 2008ರವರೆಗೆ ಸತತ ಆರು ಸಲ ಚಾಂಪಿಯನ್. ಆರನ್ ಅವರಿಂದಲೂ ಸತತ ಆರು ಆಗಿರಲಿಲ್ಲ. ಅದೇ ಗಂಗೂಲಿ 2008, 2010, 2012ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಆನಂದ್ ಅವರ ಸಹಾಯಕರ ತಂಡದಲ್ಲಿದ್ದರು. ದೇಶದ ಚಾಂಪಿಯನ್ ರಾತ್ರಿಯೆಲ್ಲ ಕೂತು ಇನ್ನೊಬ್ಬರಿಗಾಗಿ ಓಪನಿಂಗ್ ತಯಾರಿಸಿದರು. ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

2019ರಿಂದ ಈಚೆಗೆ ಎ, ಬಿ ಎಲ್ಲ ಹೋಗಿ ಒಂದೇ ದೊಡ್ಡ ಸ್ವಿಸ್ ಆಯಿತು. ಈಗ ಹನ್ನೊಂದು ಸುತ್ತು, ಒಂದೂವರೆ ವಾರದಲ್ಲಿ ಮುಗಿಯುತ್ತದೆ. 2022ರಲ್ಲಿ ಕಾನ್ಪುರದಲ್ಲಿ ಅರ್ಜುನ್ ಎರಿಗೈಸಿ ಗೆದ್ದರು. ಗುಕೇಶ್ ಕೂಡ ಅಲ್ಲಿ ಆಡಿದ್ದರು. ಅಂದರೆ ಬಂದಿಲ್ಲ ಅನ್ನುವ ಹಾಗಿಲ್ಲ, ಬಂದರು, ಗೆಲ್ಲಲಿಲ್ಲ. ಸ್ವಿಸ್‌ನಲ್ಲಿ ಹನ್ನೊಂದು ಆಟದಲ್ಲಿ ಒಂದು ಕಾಲು ಜಾರಿದರೆ ಹಿಂದೆ ಹಿಡಿಯಲು ಸಮಯವಿಲ್ಲ, ಸಮ ಬಂದರೆ ನೀವು ಯಾರೊಂದಿಗೆ ಆಡಿದಿರಿ ಅನ್ನುವ ಲೆಕ್ಕದಲ್ಲಿ ಪ್ರಶಸ್ತಿ ಆಚೀಚೆ ಆಗಬಹುದು. ಹತ್ತೊಂಬತ್ತು ಆಟದ ರೌಂಡ್ ರಾಬಿನ್ ಗಟ್ಟಿಗನನ್ನು ಹುಡುಕುತ್ತಿತ್ತು. ಹನ್ನೊಂದು ಸುತ್ತಿನ ಸ್ವಿಸ್ ಆ ವಾರ ಮೈಯಲ್ಲಿ ಹುರುಪಿದ್ದವನನ್ನು ಹುಡುಕುತ್ತದೆ. ಎರಡನ್ನೂ ನಾವು ಚಾಂಪಿಯನ್ ಅಂತಲೇ ಕರೆಯುತ್ತೇವೆ.

ಈಗಂತೂ ಅಗ್ರ ಆಟಗಾರರು ಇತ್ತ ತಲೆ ಹಾಕುವುದೇ ಅಪರೂಪ. ಇದಕ್ಕೆ ದೇಶಪ್ರೇಮದ ಕೊರತೆ ಅಂತ ಯಾರೋ ಬರೆದದ್ದನ್ನು ಓದಿ ನನಗೆ ಸಿಟ್ಟು ಬಂತು. ಲೆಕ್ಕ ಹಾಕಿ. ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಅಂಕ. 2650 ರೇಟಿಂಗಿನವರು 2250ರವರೊಂದಿಗೆ ಆಡುತ್ತಾರೆ. ಗೆದ್ದರೆ ಒಂದು ಪಾಯಿಂಟ್, ಡ್ರಾ ಆದರೆ ಅರ್ಧ; ನಾನೂರು ಅಂತರಕ್ಕೆ ಮೇಲಿನವರಿಂದ ನಿರೀಕ್ಷೆ ಆಟಕ್ಕೆ 0.92. ಗೆದ್ದರೆ ರೇಟಿಂಗಿಗೆ ಬರುವುದು 0.8. ಡ್ರಾ ಆದರೆ ಹೋಗುವುದು 4.2. ಒಂದು ಡ್ರಾ ಸರಿಪಡಿಸಲು ಐದು ಗೆಲುವು ಸಾಲುವುದಿಲ್ಲ. ಆ 2250ರ ಹುಡುಗನ ಲ್ಯಾಪ್‌ಟಾಪಿನಲ್ಲಿರುವ ಎಂಜಿನ್, ಅಂದರೆ ನಡೆ ಲೆಕ್ಕ ಹಾಕುವ ಪ್ರೋಗ್ರಾಂ, ಇವರದಕ್ಕಿಂತ ಏನೂ ಕಡಿಮೆಯದಲ್ಲ. ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿಗೆ ಒಂದೊಂದು ಪಾಯಿಂಟ್ ಎಣಿಸುವವರು ಈ ಜೂಜಿಗೆ ಯಾಕೆ ಬರುತ್ತಾರೆ?

ಮಹಿಳೆಯರ ಕಡೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಪಟ್ಟಿ ಇನ್ನೂ ಮೇಲಿನವರನ್ನು ಹಿಡಿದಿಟ್ಟಿದೆ. 2003ರ ಚಾಂಪಿಯನ್ ಕೊನೇರು ಹಂಪಿ. 2022ರ ಚಾಂಪಿಯನ್ ದಿವ್ಯಾ ದೇಶಮುಖ್. 2025ರ ಮಹಿಳಾ ವಿಶ್ವಕಪ್ ಫೈನಲಿನಲ್ಲಿ ಎದುರುಬದುರು ಕೂತವರು ಇವರಿಬ್ಬರೇ, ದಿವ್ಯಾ ಗೆದ್ದರು. ಬೆಂಗಳೂರಿನಲ್ಲಿ 1974ರಲ್ಲಿ ಶುರುವಾದ ಪಟ್ಟಿಯ ಇಬ್ಬರು ಅಂದುಕೊಂಡರೆ ನನಗೆ ಖುಷಿ, ಅಷ್ಟು ಸ್ವಾರ್ಥ ಇರಲಿ ಬಿಡಿ.

ಹಳೆಯ ಎ ಪದ್ಧತಿ ಹೋದದ್ದು ನನಗೆ ಬೇಸರವೇ. ಆದರೆ ಒಂದು ಸಲ ನಮ್ಮ ತರಗತಿಯ ಹನ್ನೊಂದು ವರ್ಷದ ಹುಡುಗಿಯನ್ನು ಇಂಥದೊಂದು ಮುಕ್ತ ಪಂದ್ಯಾವಳಿಗೆ ಕರೆದುಕೊಂಡು ಹೋಗಿದ್ದೆ. ಮೊದಲ ಸುತ್ತಿನ ಜೋಡಿ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಅವಳು ಕೆಳಗಿನಿಂದ ಹುಡುಕುತ್ತಾ ಬಂದಳು, ಹೆಸರು ಸಿಗಲಿಲ್ಲ, ಅಳುಮುಖ ಮಾಡಿಕೊಂಡಳು. ನೋಡಿದರೆ ಮೇಲಿನ ಸಾಲಿನಲ್ಲಿದೆ. ಎದುರಿಗೆ ಗ್ರ್ಯಾಂಡ್‌ಮಾಸ್ಟರ್. ನನ್ನ ಕಾಲದಲ್ಲಿ ಅಂಥವರನ್ನು ಹಗ್ಗದಾಚೆಯಿಂದ ನೋಡಿದ್ದೆ ಅಷ್ಟೆ. ಮೂವತ್ತೊಂದು ನಡೆಗೆ ಸೋತಳು. ಕೈ ಕುಲುಕಿದ ಮೇಲೆ ಅವರು ಏಳಲಿಲ್ಲ. ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, ಹದಿನಾಲ್ಕನೇ ನಡೆಯಲ್ಲಿ ಒಂಟೆ ಯಾಕೆ ಹಿಂದೆ ತಂದೆ ಅಂತ ಕೇಳಿದರು. ಇವಳು ಏನೋ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. ಅವಳು ಅವರ ಕೈಯಿಂದ ಒಂಟೆ ತೆಗೆದುಕೊಂಡು ಇನ್ನೊಂದು ಮನೆಯಲ್ಲಿ ಇಟ್ಟಳು. ಅವರು ಸುಮ್ಮನಾಗಿ ಎರಡು ನಿಮಿಷ ಬೋರ್ಡ್ ನೋಡಿದರು. ಹೊರಗೆ ಬಂದಾಗ ಆಟ ಹೇಗಿತ್ತು ಅಂತ ಕೇಳಿದೆ. ‘ಸರ್, ಇಡ್ಲಿ ಖಾಲಿಯಾಗಿಬಿಡುತ್ತೆ, ಮೊದಲು ಬನ್ನಿ’ ಅಂದಳು.